ಸಹಿಗಳ ಮೇಲಿನ ಖಾಲಿ ಜಾಗ

ಸೋಲಾಪುರದ ಸ್ಟೇಡಿಯಂ ಮುಂದೆ ರಿಕ್ಷಾ ಹಾಯುವಾಗ ನಾನು ಈಗಲೂ ಮುಖ ಇನ್ನೊಂದು ಕಡೆ ತಿರುಗಿಸಿಕೊಳ್ಳುತ್ತೇನೆ. ರಿಕ್ಷಾದವನಿಗೆ ಅದೇನು ಗೊತ್ತು, ಪಾಪ. ಒಮ್ಮೆ ಒಬ್ಬ ನನ್ನನ್ನು ಪರ ಊರಿನವಳು ಎಂದುಕೊಂಡು ಕೈ ಮಾಡಿ ತೋರಿಸಿದ. "ಇದs ನೋಡ್ರಿ ಬಾಯಿ, ನಮ್ಮ ಸ್ಟೇಡಿಯಂ. ಇದರಾಗ ಎಲ್ಲಾ ಆಗತೈತಿ" ಎಂದ. ಎಲ್ಲಾ ಆಗುತ್ತದೆ ಎನ್ನುವುದನ್ನು ಇವನು ನನಗೆ ಹೇಳಬೇಕೇ? ಆ ಗೋಡೆಯೊಳಗಿನ ನೆಲವನ್ನು ನನ್ನ ಅಣ್ಣ ಹಾರೆ ಹಿಡಿದು ಅಗೆದಿದ್ದ, ಅವ್ವನ ಜರಡಿಯಲ್ಲಿ ಮಣ್ಣು ಸೋಸಿ ಹರಡಿದ್ದ. ಆ ನೆಲ ಅವನ ಕೈತಪ್ಪಿ ಹೋದದ್ದು ಒಂದು ಹಾಳೆಯ ಬರಹದಿಂದ, ಆ ಬರಹ ನನ್ನದು. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ, ಹೇಳಬೇಕಾದವನಿಗಂತೂ ಹೇಳಲೇ ಇಲ್ಲ.

ನಮ್ಮದು ಅಕ್ಕಲಕೋಟೆ. ಅಪ್ಪ ತೀರಿಕೊಂಡ ಮೇಲೆ ಅವ್ವ ನಮ್ಮಿಬ್ಬರನ್ನು ಕರೆದುಕೊಂಡು ಸೋಲಾಪುರಕ್ಕೆ ಬಂದು, ಮಿಲ್ಲಿನ ಹಿಂದಿನ ಚಾಳಿನಲ್ಲಿ ಒಂದು ಖೋಲಿ ಹಿಡಿದಳು. ದಿನವಿಡೀ ಮೊರದ ಮುಂದೆ ಕೂತು ಬೀಡಿ ಕಟ್ಟುತ್ತಿದ್ದಳು. ಅಣ್ಣ ನನಗಿಂತ ಐದು ವರ್ಷ ದೊಡ್ಡವನು. ಅಕ್ಕಲಕೋಟೆಯ ಕನ್ನಡ ಸಾಲೆಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿದ್ದ. ಸೋಲಾಪುರಕ್ಕೆ ಬಂದವನೇ ಅಲ್ಲಿ ಇಲ್ಲಿ ದುಡಿದು, ವಯಸ್ಸಿಗೆ ಬರುತ್ತಲೇ ಮಿಲ್ಲಿನ ನೇಯ್ಗೆ ಖಾತೆ ಸೇರಿದ. ನಾನಾದರೋ ಚಾಳಿನ ಮೂಲೆಗೇ ಇದ್ದ ಮರಾಠಿ ಸಾಲೆಗೆ ಹೋದೆ. ಹತ್ತಿರ ಅದೊಂದೇ ಇತ್ತು ಎನ್ನುವುದು ಬಿಟ್ಟರೆ ಬೇರೆ ಕಾರಣವಿಲ್ಲ. ಹೀಗಾಗಿ ಒಂದೇ ಮನೆಯಲ್ಲಿ ಅಣ್ಣನಿಗೆ ಕನ್ನಡ ಅಕ್ಷರ, ನನಗೆ ಮರಾಠಿ ಅಕ್ಷರ, ಅವ್ವನಿಗೆ ಹೆಬ್ಬೆಟ್ಟು. ಅಣ್ಣ ಮರಾಠಿ ಮಾತಾಡುವುದೇನೋ ಚೆನ್ನಾಗಿಯೇ ಮಾತಾಡುತ್ತಿದ್ದ, ಜಗಳವನ್ನಂತೂ ಅದರಲ್ಲೇ ಆಡುತ್ತಿದ್ದ, ಆದರೆ ಓದಲು ಬರುತ್ತಿರಲಿಲ್ಲ. ಮನೆಗೆ ಬಂದ ಯಾವ ಸರಕಾರಿ ಕಾಗದವಾದರೂ ನನ್ನ ಕೈಗೇ ಬರುತ್ತಿತ್ತು. ನಾನು ಓದುವಾಗ ಅವನು ಎದುರಿಗೆ ಕೂತು ನನ್ನ ಬಾಯಿಯನ್ನೇ ನೋಡುತ್ತಿದ್ದ.

ಸ್ಟೇಡಿಯಂ ಆಗುವ ಮೊದಲು ಅದೊಂದು ಬಯಲು. ಒಂದು ಅಂಚಿಗೆ ಬೇವಿನ ಗಿಡಗಳು, ಇನ್ನೊಂದು ಅಂಚಿಗೆ ಅಗಸರು ಬಟ್ಟೆ ಒಣಹಾಕುವ ಹಗ್ಗಗಳು, ನಡುವೆ ಕತ್ತೆಗಳು. ಮಧ್ಯಾಹ್ನ ಮೊದಲ ಪಾಳಿ ಬಿಟ್ಟಿತೆಂದು ಮಿಲ್ಲಿನ ಭೊಂಗಾ ಕೂಗಿದ ಅರ್ಧ ತಾಸಿಗೆ ಕತ್ತೆಗಳನ್ನು ಓಡಿಸಿ ನಮ್ಮ ಚಾಳಿನ ಫುಟ್ಬಾಲ್ ಟೀಮು ಬಂದು ನಿಲ್ಲುತ್ತಿತ್ತು. ಬೂಟು ಯಾರಿಗೂ ಇರಲಿಲ್ಲ. ಚಾದರು ನೇಯ್ದ ಮೇಲೆ ಕತ್ತರಿಸಿ ಬಿಸಾಡುವ ಅಂಚಿನ ಪಟ್ಟಿಗಳನ್ನು ಕಾಲಿಗೆ ಬಿಗಿಯಾಗಿ ಸುತ್ತಿಕೊಂಡು ಆಡುತ್ತಿದ್ದರು. ಬನಿಯನ್ನುಗಳಿಗೆ ಬಣ್ಣದ ಖಾತೆಯವನೊಬ್ಬ ಕಡುಗೆಂಪು ಬಣ್ಣ ಹಾಕಿಕೊಟ್ಟಿದ್ದ. ಅದು ಎಂಥ ಬಣ್ಣವೋ ಏನೋ, ಪ್ರತಿ ಒಗೆತಕ್ಕೂ ಬಿಡುತ್ತಿತ್ತು. ನಮ್ಮ ಮನೆಯ ದುಪ್ಪಡಿ, ಅವ್ವನ ಕುಪ್ಪಸ, ನನ್ನ ಸಾಲೆಯ ಬಿಳಿ ಅಂಗಿ ಎಲ್ಲವೂ ಗುಲಾಬಿ ಆಗಿಹೋಗಿದ್ದವು. "ನಿನ್ನ ಫುಟ್ಬಾಲಿಗೆ ಬೆಂಕಿ ಹಚ್ಚಲಿ" ಎಂದು ಅವ್ವ ಶನಿವಾರಕ್ಕೊಮ್ಮೆ ಬೈಯುತ್ತಿದ್ದಳು, ಭಾನುವಾರ ಅದೇ ಬನಿಯನ್ನಿನ ಹರಕು ಹೊಲಿದು ಕೊಡುತ್ತಿದ್ದಳು.

ಅಣ್ಣ ಗೋಲ್‌ಕೀಪರ್. ಮೈಕೈಯಲ್ಲಿ ಗಾಯವಿಲ್ಲದೆ ಅವನನ್ನು ನಾನು ನೋಡಿದ್ದೇ ಇಲ್ಲ. ಸೋಲಾಪುರದ ನೆಲ ಎಂದರೆ ಮೇಲೆ ಒಂದು ಗೇಣು ಮುರುಮದ ಗರಸು, ಕೆಳಗೆ ಕರಿಕಲ್ಲು. ಅಂಥದರ ಮೇಲೆ ಚೆಂಡಿಗಾಗಿ ಹಾರಿ ಬೀಳಬೇಕೆಂದರೆ ಒಂದೋ ಹುಚ್ಚು ಇರಬೇಕು, ಇಲ್ಲವೇ ಪ್ರೀತಿ ಇರಬೇಕು. ನಮ್ಮಣ್ಣನಿಗೆ ಎರಡೂ ಇದ್ದವು. ಮಿಲ್ಲಿನಲ್ಲಿ ಎಂಟು ತಾಸು ಬಾಯಿ ಬಿಡದೆ ಮಗ್ಗ ನೋಡಿಕೊಳ್ಳುವವನು ಗೋಲಿನಲ್ಲಿ ನಿಂತರೆ ಇಡೀ ಬಯಲಿಗೆ ಕೇಳುವಂತೆ ಕಿರುಚುತ್ತಿದ್ದ.

ಟೀಮಿಗೊಬ್ಬ ಕ್ಯಾಪ್ಟನ್ ಇದ್ದ. ನಮ್ಮ ಚಾಳಿನವನೇ, ಅಣ್ಣನ ಜೋಡಿ ಮಗ್ಗದವನು. ಇಬ್ಬರೂ ಒಂದೇ ದಿನ ಮಿಲ್ಲು ಸೇರಿದವರು, ಒಂದೇ ಡಬ್ಬಿಯ ರೊಟ್ಟಿ, ಶೇಂಗಾ ಹಿಂಡಿ ತಿನ್ನುತ್ತಿದ್ದವರು. ಅವನು ಓಡುವುದನ್ನು ನೋಡಲು ಬೇವಿನ ಗಿಡದ ಕೆಳಗೆ ಜನ ಸೇರುತ್ತಿತ್ತು. ಮಾತೂ ಹಾಗೇ, ಬೆಣ್ಣೆ. ನಮ್ಮ ಮನೆಗೆ ಬಂದರೆ ಅವ್ವನ ಎದುರು ಕೂತು ತಾನೂ ನಾಲ್ಕು ಬೀಡಿ ಕಟ್ಟಿ ಎದ್ದು ಹೋಗುತ್ತಿದ್ದ. ಅವನ ಚಹಾಕ್ಕೆ ನಾನು ಅರ್ಧ ಚಮಚೆ ಸಕ್ಕರೆ ಜಾಸ್ತಿ ಹಾಕುತ್ತಿದ್ದೆ ಎನ್ನುವುದನ್ನು ಈ ವಯಸ್ಸಿನಲ್ಲಿ ಮುಚ್ಚಿಟ್ಟು ನನಗೆ ಆಗಬೇಕಾದದ್ದೇನೂ ಇಲ್ಲ. ನನಗಾಗ ಹದಿನೈದು.

ಎಪ್ಪತ್ತರ ದಶಕದ ಮೊದಲ ವರ್ಷಗಳವು. ಇಷ್ಟು ದೊಡ್ಡ ಊರಿಗೆ ಒಂದು ಸ್ಟೇಡಿಯಂ ಬೇಡವೇ ಎಂದು ದೊಡ್ಡವರಿಗೆಲ್ಲ ಒಮ್ಮೆಲೇ ಅನಿಸತೊಡಗಿತು. ಒಂದು ಸಮಿತಿಯಾಯಿತು. ನವಿ ಪೇಠೆಯಲ್ಲಿ ಬಟ್ಟೆ ಅಂಗಡಿ ಇದ್ದ ಸಾಹುಕಾರರೊಬ್ಬರು ಅದರ ಮುಖ್ಯಸ್ಥರಾದರು. ಅವರು ಒಂದು ಭಾನುವಾರ ಧೋತರದ ಚುಂಗು ಕೈಯಲ್ಲಿ ಹಿಡಿದುಕೊಂಡು ಬಯಲಿಗೆ ಬಂದು, ಟೀಮನ್ನು ಸುತ್ತ ನಿಲ್ಲಿಸಿಕೊಂಡು ಮಾತಾಡಿದರು. ಅವರದೂ ಮನೆಮಾತು ಕನ್ನಡವೇ. "ಗ್ವಾಡಿ ಕಟ್ಟಾಕ ಗುತ್ತಿಗೆದಾರ ಬರತಾನ. ನೆಲಾ ಸಪಾಟ ಮಾಡೂದು ನಿಮ್ಮ ಕೈಯಾಗ ಐತಿ. ನೀವು ಶ್ರಮದಾನ ಮಾಡ್ರಿ. ಸ್ಟೇಡಿಯಂ ಉದ್ಘಾಟನಾದ ದಿನ ಮೊದಲನೇ ಮ್ಯಾಚ್ ನಿಮ್ಮದs" ಎಂದರು. ಟೀಮಿನವರು ಚಪ್ಪಾಳೆ ತಟ್ಟಿದರು. ಅಣ್ಣ ಮನೆಗೆ ಬಂದು ಈ ಮಾತನ್ನು ನನ್ನ ಮುಂದೆ ಮೂರು ಸಲ ಹೇಳಿದ, ಸಾಹುಕಾರರ ದನಿಯಲ್ಲೇ.

ಅದಾದ ಮೇಲೆ ಎರಡು ವರ್ಷ ಅವನಿಗೆ ಭಾನುವಾರ ಎನ್ನುವುದು ಇರಲಿಲ್ಲ. ಬುಟ್ಟಿ, ಸಲಿಕೆ, ಹಾರೆ. ನಡುವೆ ಬರ ಬಿದ್ದ ವರ್ಷ ನೀರಿಲ್ಲದೆ ನೆಲ ಎಷ್ಟು ಗಟ್ಟಿಯಾಯಿತೆಂದರೆ ಹಾರೆಯ ಮೊನೆಯೇ ಬಾಗುತ್ತಿತ್ತು. ಕಲ್ಲಿನ ರೋಲರಿಗೆ ಹಗ್ಗ ಕಟ್ಟಿ ಹನ್ನೆರಡು ಮಂದಿ ಎಳೆಯುತ್ತಿದ್ದರು. ಎಲ್ಲರೂ ಇಡೀ ಮೈದಾನ ಸಪಾಟು ಮಾಡಿದರೆ, ಅಣ್ಣ ಅದರ ಮೇಲೆ ಇನ್ನೊಂದು ಕೆಲಸ ಹಚ್ಚಿಕೊಂಡ. ಮೂಡಣ ದಿಕ್ಕಿನ ಗೋಲಿನ ಮುಂದೆ ಎರಡು ಮಾರು ಉದ್ದ, ಒಂದು ಮಾರು ಅಗಲ ಕಲ್ಲು ತೆಗೆದು, ಆ ಗುಂಡಿಗೆ ಕರಿಮಣ್ಣು ತುಂಬಿದ. ಸುಮ್ಮನೆ ತುಂಬಲಿಲ್ಲ, ಸೋಸಿ ತುಂಬಿದ. ಅವ್ವನ ಹಿಟ್ಟಿನ ಜರಡಿ ಕೇಳಿದಾಗ ಅವಳು ಹೌಹಾರಿ, "ನೆಲಕ್ಕೆ ರೊಟ್ಟಿ ತಟ್ಟತೀಯೇನೋ?" ಎಂದಳು. "ಇಲ್ಲಬೇ, ಮೈ ಊರಿ ಬೀಳಾಕ ಜಾಗಾ ಮಾಡಾಕತ್ತೀನಿ" ಎಂದ. ಅವ್ವ ಹೊಸದನ್ನು ಅಡಗಿಸಿಟ್ಟು ಹಳೆಯದನ್ನು ಕೊಟ್ಟಳು. ಒಂದು ಸಂಜೆ ನನ್ನನ್ನು ಕರೆದುಕೊಂಡು ಹೋಗಿ, ಚಪ್ಪಲಿ ಬಿಡಿಸಿ ಆ ಮಣ್ಣಿನ ಮೇಲೆ ನಿಲ್ಲಿಸಿದ. ಮೆತ್ತಗಿತ್ತು. ಅವನು ನನ್ನ ಮುಖ ನೋಡುತ್ತಿದ್ದ, ನಾನು ಓದುವಾಗ ನೋಡುತ್ತಿದ್ದನಲ್ಲ, ಹಾಗೇ.

ಈಗ ಆ ಹಾಳೆಯ ಸಂಗತಿ. ನಮ್ಮ ಚಾಳಿನಲ್ಲಿ ಅರ್ಜಿ ಕೊಡುವ ರೀತಿಯೇ ಬೇರೆ ಇತ್ತು. ಮಿಲ್ಲಿಗೆ ಮೂರು ಪಾಳಿ, ಗಂಡಸರೆಲ್ಲ ಒಂದೇ ಹೊತ್ತಿಗೆ ಒಂದೇ ಕಡೆ ಸಿಗುವುದು ಸಾಧ್ಯವೇ ಇರಲಿಲ್ಲ. ಹಾಗಾಗಿ ಮೊದಲು ಸಹಿ, ಆಮೇಲೆ ಮಜಕೂರು. ಮಿಲ್ಲಿನ ಗೇಟಿನ ಎದುರಿನ ಚಹಾದಂಗಡಿಯಲ್ಲಿ ಒಂದು ಖಾಲಿ ಹಾಳೆ ಇಟ್ಟು, ಅದು ಹಾರಬಾರದೆಂದು ಮುರಿದ ಲಾಳಿಯೊಂದನ್ನು ಮೇಲಿಡುತ್ತಿದ್ದರು. ನಳ ಬೇಕು, ದೀಪ ಬೇಕು, ಪಾಯಖಾನೆಗೆ ಬಾಗಿಲು ಬೇಕು, ಯಾವುದಕ್ಕೆ ಎನ್ನುವುದನ್ನು ಚಹಾದಂಗಡಿಯವನು ಬಾಯಲ್ಲಿ ಹೇಳುತ್ತಿದ್ದ. ಪಾಳಿಗೆ ಹೋಗುವವರು, ಬರುವವರು ಭೊಂಗಾ ಕೂಗುವುದರೊಳಗೆ ಹಾಳೆಯ ಕೆಳಗಿನ ಅರ್ಧದಲ್ಲಿ ಸಹಿ ಗೀಚಿ ಓಡುತ್ತಿದ್ದರು. ಕನ್ನಡ, ತೆಲುಗು, ಮರಾಠಿ, ಉರ್ದು, ನಡುನಡುವೆ ಹೆಬ್ಬೆಟ್ಟು. ಕೆಳಗಿನ ಅರ್ಧ ತುಂಬಿದ ಮೇಲೆ ಬರೆಯಬಲ್ಲವರು ಯಾರಾದರೂ ಮೇಲಿನ ಅರ್ಧದಲ್ಲಿ ಅರ್ಜಿ ಬರೆಯಬೇಕು. ಆ ಬರೆಯಬಲ್ಲವಳು ಬರಬರುತ್ತ ನಾನೇ ಆದೆ. ಹೊರಗಿನವರಿಗೆ ಇದು ತಲೆಕೆಳಗಾದ ಪದ್ಧತಿ ಎನಿಸಬಹುದು. ನಮಗೆ ಅದರಲ್ಲಿ ವಿಚಿತ್ರವೇನೂ ಕಾಣುತ್ತಿರಲಿಲ್ಲ, ಏಕೆಂದರೆ ಅದುವರೆಗೆ ಯಾರೂ ಮೇಲಿನ ಅರ್ಧದಲ್ಲಿ ಬೇರೇನನ್ನೂ ಬರೆದಿರಲಿಲ್ಲ.

ಗೋಡೆ ಎದ್ದು, ಒಂದು ಕಡೆ ಮೆಟ್ಟಿಲುಗಳೂ ಆದ ಮೇಲೆ ಕ್ಯಾಪ್ಟನ್ ಚಹಾದಂಗಡಿಯಲ್ಲಿ ಹಾಳೆ ಇಟ್ಟ. ಮೊದಲ ಮ್ಯಾಚಿನ ಮಾತನ್ನು ಸಾಹುಕಾರರು ಬಾಯಲ್ಲಿ ಹೇಳಿದ್ದಾರೆ, ಅದು ಬರಹದಲ್ಲಿರಲಿ, ವಾರದಲ್ಲಿ ಮೂರು ಸಂಜೆ ಮೈದಾನ ಟೀಮಿಗೆ ಎನ್ನುವುದನ್ನೂ ಅದರಲ್ಲೇ ಕೇಳಿಕೊಳ್ಳೋಣ ಎಂದು ಎಲ್ಲರಿಗೂ ಹೇಳಿದ. ಹದಿನೇಳು ಸಹಿಗಳಾದವು. ಮೊದಲನೆಯದು ಅಣ್ಣನದು, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ.

ಒಂದು ಮಧ್ಯಾಹ್ನ ಕ್ಯಾಪ್ಟನ್ ಆ ಹಾಳೆ ಹಿಡಿದು ನಮ್ಮ ಮನೆಗೆ ಬಂದ. ಅಣ್ಣ ಪಾಳಿಯ ಮೇಲಿದ್ದ, ಇವನು ಅವತ್ತು ರಜೆ ಹಾಕಿದ್ದ. ಅವ್ವ ಬೀಡಿ ಕೊಟ್ಟುಬರಲು ಹೋಗಿದ್ದಳು. ಅವನು ಹೊಸ್ತಿಲ ಮೇಲೆ ಕೂತ, ನಾನು ಒಳಗೆ ಮಣೆಯ ಮೇಲೆ ಹಾಳೆ ಇಟ್ಟುಕೊಂಡು ಕೂತೆ. "ನಿನ್ನ ಅಕ್ಷರಾ ಛಾಪಿಸಿದಂಗ ಇರತಾವ. ಸಾಹುಕಾರ್ರು ನೋಡಿ, ಯಾವ ವಕೀಲನ ಕಡಿಂದ ಬರಸೀರಿ ಅಂತ ಕೇಳಬೇಕು ನೋಡು" ಎಂದ. ನಾನು ಉಬ್ಬಿಹೋದೆ. ಮಸಿ ದೌತಿ ತಂದೆ. ಅವನ ಕಿಸೆಯಲ್ಲಿ ಒಂದು ಚೀಟಿ ಇತ್ತು, ಅದನ್ನು ನೋಡಿ ಹೇಳತೊಡಗಿದ, ನಾನು ಬರೆಯತೊಡಗಿದೆ.

ಮೂರನೆಯ ಸಾಲಿಗೆ ನನ್ನ ಕೈ ನಿಂತಿತು. ಮೈದಾನದ ಮೇಲೆ ರೂಢಿಯಿಂದ ಬಂದ ನಮ್ಮ ಹಕ್ಕನ್ನು ನಾವು ಸ್ವಖುಷಿಯಿಂದ ಬಿಟ್ಟುಕೊಡುತ್ತೇವೆ, ಸಮಿತಿಯು ಅದನ್ನು ಯಾವ ಕೆಲಸಕ್ಕೆ ಬಳಸಿದರೂ ನಮ್ಮ ತಕರಾರು ಇಲ್ಲ ಎಂದು ಬರೆಸುತ್ತಿದ್ದ. ಮರಾಠಿಯಲ್ಲಿ ಅದು ಇನ್ನೂ ನಾಜೂಕಾಗಿತ್ತು. ನಾನು ತಲೆ ಎತ್ತಿದೆ.

"ಇದು ಬಿಟ್ಟುಕೊಡೂ ಕಾಗದ ಐತಲ್ಲ? ಮ್ಯಾಚಿಂದು ಎಲ್ಲೈತಿ?"

ಅವನು ನಕ್ಕ. "ಸರಕಾರಿ ಭಾಷಾ ಹಂಗs ಇರತೈತಿ, ಹುಚ್ಚಿ. ಮೊದಲ ನಾವು ಬಿಟ್ಟೀವಿ ಅಂತ ಬರಕೊಡಬೇಕು, ಆಮ್ಯಾಲ ಅವರು ಕೊಟ್ಟೀವಿ ಅಂತ ಬರಕೊಡತಾರ. ನಿಮ್ಮಣ್ಣಗ ಎಲ್ಲಾ ಹೇಳೀನಿ."

ನಿಮ್ಮಣ್ಣನಿಗೆ ಹೇಳಿದ್ದೇನೆ ಎಂದ ಮೇಲೆ ಮುಗಿಯಿತು ಎಂದುಕೊಂಡೆ. ಇಲ್ಲ, ಇದು ಸುಳ್ಳು. ಹಾಗೆ ನಾನು ಎಷ್ಟೋ ವರ್ಷ ನನಗೇ ಹೇಳಿಕೊಂಡೆ. ನಿಜ ಏನೆಂದರೆ, ಇನ್ನೂ ಒಂದು ತಾಸು ತಡೆದಿದ್ದರೆ ಭೊಂಗಾ ಕೂಗಿ ಅಣ್ಣ ಮನೆಗೆ ಬರುತ್ತಿದ್ದ, ಅವನನ್ನೇ ಕೇಳಬಹುದಿತ್ತು. ಆದರೆ ಎದುರಿಗೆ ಕೂತವನು ನನ್ನ ಅಕ್ಷರ ಹೊಗಳಿದ್ದ, ಹುಚ್ಚಿ ಎಂದು ಕರೆದಿದ್ದ, ಹೊಸ್ತಿಲ ಮೇಲೆ ನನಗಾಗಿ ಕಾಯುತ್ತಿದ್ದ. ತಡೆ ಎನ್ನುವ ಮಾತು ಬಾಯಿಗೆ ಬರಲಿಲ್ಲ. ಮರಾಠಿ ಅಕ್ಷರಗಳ ನೆತ್ತಿಯ ಮೇಲೆ ಗೆರೆ ಇರುತ್ತದಲ್ಲ, ಎಲ್ಲರೂ ಅದನ್ನು ಪದಪದಕ್ಕೂ ಎಳೆಯುತ್ತಾರೆ. ನನ್ನದೊಂದು ಒಯ್ಯಾರ ಇತ್ತು. ಇಡೀ ಸಾಲು ಬರೆದು ಮುಗಿಸಿ, ಕೊನೆಗೆ ಈ ತುದಿಯಿಂದ ಆ ತುದಿಗೆ ಒಂದೇ ಉಸಿರಿಗೆ ಗೆರೆ ಎಳೆದು, ತುದಿಯಲ್ಲಿ ಸ್ವಲ್ಪ ಮೇಲಕ್ಕೆ ಎತ್ತುತ್ತಿದ್ದೆ. ಮರಾಠಿಯನ್ನಷ್ಟೇ ಓದಬಲ್ಲ ಅಕ್ಕಲಕೋಟೆಯ ಸೋದರಮಾವನಿಗೆ ಅಣ್ಣ ನನ್ನ ಕೈಯಿಂದ ಕಾಗದ ಬರೆಸುವಾಗ ಆ ಗೆರೆಗಾಗಿಯೇ ಕಾಯುತ್ತಿದ್ದ. "ಹೂಂ, ಈಗ ಎಳಿ" ಎನ್ನುತ್ತಿದ್ದ. ಅವತ್ತು ಎಂಟು ಸಾಲಿಗೆ ಎಂಟು ಗೆರೆ ಎಳೆದೆ. ಒಂದೂ ಅಲುಗಲಿಲ್ಲ. ಕ್ಯಾಪ್ಟನ್ ಹಾಳೆಗೆ ಉಫ್ ಎಂದು ಊದಿ, ಮಸಿ ಒಣಗಿಸಿಕೊಂಡು ಹೋದ.

ಅಣ್ಣ ಬಂದ ಮೇಲೆ ಹೇಳಿದೆ, ಕ್ಯಾಪ್ಟನ್ ಬಂದು ಅರ್ಜಿ ಬರೆಸಿಕೊಂಡು ಹೋದ ಎಂದು. "ಛಲೋ ಬರದೀ?" ಎಂದ. "ಬರದೀನಿ" ಎಂದೆ. ಅವನು ಕೈಕಾಲು ತೊಳೆದುಕೊಂಡು ಮೈದಾನಕ್ಕೆ ಹೋದ.

ಉದ್ಘಾಟನೆಯ ದಿನ ಟೀಮಿನವರು ಮಿಲ್ಲಿಗೆ ರಜೆ ಹಾಕಿದರು. ಬನಿಯನ್ನುಗಳಿಗೆ ಹೊಸದಾಗಿ ಬಣ್ಣ ಹಾಕಿಸಿ, ಚೊಂಬಿನಲ್ಲಿ ಕೆಂಡ ತುಂಬಿ ನಾನೇ ಇಸ್ತ್ರಿ ಮಾಡಿದ್ದೆ. ಕಾಲಿಗೆ ಹೊಸ ಪಟ್ಟಿ. ಅವ್ವ ಹುಟ್ಟಿದಾಗಿನಿಂದ ಒಂದೂ ಆಟ ನೋಡಿದವಳಲ್ಲ, ಅವತ್ತು ಹಸಿರು ಇಳಕಲ್ ಸೀರೆ ಉಟ್ಟು ನನ್ನ ಜೊತೆ ಹೊರಟಳು. ಗೇಟಿನಲ್ಲಿ ನಮ್ಮನ್ನು ತಡೆದರು. ಪಾಸು ಕೇಳಿದರು. ಅಣ್ಣ ಎದೆಯ ಮೇಲಿನ ಬನಿಯನ್ನು ಹಿಡಿದು ತೋರಿಸಿ, "ನಾವು ಆಡಾವರು" ಎಂದ. ಸಮಿತಿಯ ಕಾರಕೂನನೊಬ್ಬ ಬಂದ. ಅವತ್ತಿನ ಕಾರ್ಯಕ್ರಮದ ಹಾಳೆ ಅವನ ಕೈಯಲ್ಲಿತ್ತು. ಭಾಷಣ, ಸಾಲೆ ಮಕ್ಕಳ ಕವಾಯತು, ದೊಡ್ಡವರ ಎರಡು ತಂಡಗಳ ನಡುವೆ ಕ್ರಿಕೆಟ್. ಫುಟ್ಬಾಲ್ ಅದರಲ್ಲಿ ಇರಲಿಲ್ಲ.

ಗೇಟಿನ ಸರಳುಗಳ ಸಂದಿನಿಂದ ಒಳಗೆಲ್ಲ ಕಾಣುತ್ತಿತ್ತು. ನಡು ಮೈದಾನದಲ್ಲಿ ಕ್ರಿಕೆಟ್ಟಿಗೆಂದು ಮಣ್ಣು ಮೆತ್ತಿ, ರೋಲರು ಹೊಡೆದಿದ್ದರು. ಗೋಲಿನ ಕಂಬಗಳನ್ನು ಕಿತ್ತು ಶಾಮಿಯಾನಕ್ಕೆ ನಿಲ್ಲಿಸಿದ್ದರು. ವೇದಿಕೆ ಕಟ್ಟಿದ್ದದ್ದು ಮೂಡಣ ದಿಕ್ಕಿಗೆ, ಅಣ್ಣ ಜರಡಿ ಹಿಡಿದ ಮಣ್ಣಿನ ಮೇಲೆ. ಮೆತ್ತಗಿತ್ತಲ್ಲ, ಗೂಟ ಹೊಡೆಯಲು ಅನುಕೂಲವಾಗಿರಬೇಕು.

ಟೀಮಿನವರು ಗಲಾಟೆ ಎಬ್ಬಿಸಿದರು. ಸಾಹುಕಾರರನ್ನು ಕರೆಯಿರಿ, ಕ್ಯಾಪ್ಟನ್ ಎಲ್ಲಿ ಎಂದರು. ಕ್ಯಾಪ್ಟನ್ ಒಳಗೇ ಇದ್ದ. ಬಿಳಿ ಅಂಗಿ, ಎದೆಗೆ ಬಿಲ್ಲೆ, ಕೊರಳಲ್ಲಿ ಸೀಟಿ. ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಿದ್ದ. ನಮ್ಮ ಕಡೆ ತಿರುಗಿ ನೋಡಲಿಲ್ಲ. ಕಾರಕೂನ ಒಳಗೆ ಹೋಗಿ ಒಂದು ಫೈಲು ತಂದು, "ನೀವೇ ಬರೆದುಕೊಟ್ಟಿದ್ದೀರಿ, ಸ್ವಖುಷಿಯಿಂದ" ಎಂದು ಮರಾಠಿಯಲ್ಲಿ ಹೇಳಿ, ಹಾಳೆಯನ್ನು ಅಣ್ಣನ ಮುಖದ ಮುಂದೆ ಹಿಡಿದ.

ಅಣ್ಣನಿಗೆ ಅದನ್ನು ಓದಲು ಬರುತ್ತಿರಲಿಲ್ಲ. ಕೆಳಗೆ ತನ್ನ ಸಹಿ ನೋಡಿದ. ಆಮೇಲೆ ಮೇಲಿನ ಅರ್ಧ ನೋಡಿದ. ಅವನ ಬೆರಳು ಹಾಳೆಯನ್ನು ಮುಟ್ಟದೆ, ಗಾಳಿಯಲ್ಲೇ, ಒಂದು ಸಾಲಿನ ಈ ತುದಿಯಿಂದ ಆ ತುದಿಗೆ ಹೋಗಿ ಕೊನೆಯಲ್ಲಿ ಸ್ವಲ್ಪ ಮೇಲಕ್ಕೆ ಎದ್ದಿತು. ತಿರುಗಿ ನನ್ನನ್ನು ನೋಡಿದ. ನಾನು ಅವ್ವನ ಸೆರಗಿನ ಹಿಂದೆ ಸರಿದು ನಿಂತೆ, ಹದಿನೇಳು ವರ್ಷದವಳು, ಚಿಕ್ಕ ಮಗುವಿನ ಹಾಗೆ. ಒಳಗೆ ಬ್ಯಾಂಡು ಶುರುವಾಯಿತು.

ಮನೆಗೆ ಬಂದ ಮೇಲೆ ಅವನು ಕಾಲಿನ ಪಟ್ಟಿ ಬಿಚ್ಚುತ್ತ ಕೂತ. ಉದ್ದನೆಯ ಪಟ್ಟಿ, ಸುತ್ತು ಬಿಚ್ಚಿದಷ್ಟೂ ಮುಗಿಯುತ್ತಿರಲಿಲ್ಲ. ಒಂದು ಕಾಲು ಪೂರ್ತಿ ಬಿಚ್ಚಿದ ಮೇಲೆ ಕೇಳಿದ.

"ಬರಿಯೂ ಮುಂದ ನಿನಗ ತಿಳೀಲಿಲ್ಲೇನು, ಏನು ಬರಿಯಾಕತ್ತೀನಿ ಅಂತ?"

ತಿಳಿದಿತ್ತು. ಕೇಳಿದೆ, ಕ್ಯಾಪ್ಟನ್ ನಕ್ಕ, ನಾನು ಬರೆದೆ. ಇಷ್ಟು ಹೇಳಬೇಕಿತ್ತು. ನಾನು ಹೇಳಿದ್ದು ಬೇರೆ.

"ಇಲ್ಲಣ್ಣಾ. ಭಾಳ ಕಠಿಣ ಮರಾಠಿ ಇತ್ತು. ಅವಾ ಹೇಳಿದಂಗ ಬರಕೋತ ಹೋದೆ. ನನಗ ತಿಳೀಲಿಲ್ಲ."

ಅವನು ನನ್ನ ಬಾಯಿಯನ್ನೇ ನೋಡಿದ. "ಹೂಂ" ಎಂದ. ಇನ್ನೊಂದು ಕಾಲಿನ ಪಟ್ಟಿ ಬಿಚ್ಚತೊಡಗಿದ. ಅವ್ವ ಒಲೆಯ ಮುಂದಿನಿಂದ ಕ್ಯಾಪ್ಟನ್ನನ ಏಳು ತಲೆಮಾರಿಗೆ ಶಾಪ ಹಾಕುತ್ತಿದ್ದಳು. ನಾನೂ ದನಿಗೂಡಿಸಿದೆ, ಅವಳಿಗಿಂತ ಜೋರಾಗಿಯೇ.

ಕ್ಯಾಪ್ಟನ್ ಸ್ಟೇಡಿಯಂ ನೋಡಿಕೊಳ್ಳುವವನಾಗಿ ನೌಕರಿ ಹಿಡಿದಿದ್ದಾನೆ, ಅದರ ಮಾತು ಅರ್ಜಿಗಿಂತ ಮುಂಚೆಯೇ ಆಗಿತ್ತು ಎನ್ನುವುದು ವಾರದೊಳಗೆ ಚಾಳಿಗೆಲ್ಲ ಗೊತ್ತಾಯಿತು. ಅವನು ಚಾಳು ಬಿಟ್ಟು ಬೇರೆ ಕಡೆ ಮನೆ ಮಾಡಿದ. ನನಗೆ ಸಿಟ್ಟು ತಡೆಯಲಾಗಲಿಲ್ಲ. ಒಂದು ದಿನ ಸಾಲೆ ಬಿಟ್ಟವಳೇ ನೆಟ್ಟಗೆ ಸ್ಟೇಡಿಯಂಗೆ ಹೋದೆ. ಅವನು ಕೀಲಿಕೈ ಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲಿಗೆ ನೀರು ಹೊಡೆಸುತ್ತಿದ್ದ. ಬಾಯಿಗೆ ಬಂದದ್ದೆಲ್ಲ ಅಂದೆ. ಒಂದೇ ಡಬ್ಬಿಯಲ್ಲಿ ಉಂಡವನಿಗೆ ಹೀಗೆ ಮಾಡಿದೆಯಲ್ಲೋ, ನನ್ನ ಕೈಯಿಂದ ಬರೆಸಿದೆಯಲ್ಲೋ ಎಂದೆ. ಅವನು ಪೈಪು ಕೆಳಗಿಟ್ಟು, ಸಮಾಧಾನದಿಂದಲೇ ಹೇಳಿದ.

"ನೋಡು, ಮಂದೀಗಿ ನಾ ಮೋಸಾ ಮಾಡೀನಿ, ಖರೇ. ಅವರಿಗಿ ಓದಾಕ ಬರತಿದ್ದಿಲ್ಲ. ನಿನಗ ಬರತಿತ್ತು. ನಿನಗ ನಾ ಏನು ಮೋಸಾ ಮಾಡೀನಿ? ಕೇಳಿದಿ, ಹೇಳಿದೆ, ಬರದಿ."

ಚಪ್ಪಲಿ ತೆಗೆದು ಹೊಡೆಯಬೇಕೆನಿಸಿತು. ಹೊಡೆಯಲಿಲ್ಲ. ಮನೆಗೆ ಬಂದು ಮಸಿಯ ದೌತಿಯನ್ನು ಮೋರಿಗೆ ಎಸೆದೆ. ಮರುದಿನ ಸಾಲೆಗೆ ಬೇಕಾಯಿತು, ಹೊಸದು ತಂದೆ.

ಸ್ಟೇಡಿಯಂ ಮಾತ್ರ ಒಂದು ದಿನವೂ ಖಾಲಿ ಇರಲಿಲ್ಲ. ಸರ್ಕಸ್ಸು ಬಂತು, ಆನೆಗಳನ್ನು ಮೂಡಣ ದಿಕ್ಕಿಗೇ ಕಟ್ಟಿದರು. ಕುಸ್ತಿ ಆಯಿತು, ವಸ್ತು ಪ್ರದರ್ಶನ ಆಯಿತು, ಚುನಾವಣೆಯ ಸಭೆಗಳಾದವು, ದೊಡ್ಡವರ ಮನೆಯ ಮದುವೆಗಳೂ ಆದವು. ಕ್ರಿಕೆಟ್ಟಂತೂ ಸರಿಯೇ. ಯಾವುದಾದರೂ ಒಂದು ಸಂಜೆ ಏನೂ ಇಲ್ಲದಿದ್ದರೆ, ಕಾಗದ ಕೊಟ್ಟು ಅಪ್ಪಣೆ ಪಡೆದರೆ, ಫುಟ್ಬಾಲ್ ಆಡಬಹುದಿತ್ತಂತೆ. ಒಮ್ಮೆ ಅಪ್ಪಣೆ ಸಿಕ್ಕಿತು ಕೂಡ. ಹೋಗಿ ನೋಡಿದರೆ ಗೋಲಿನ ಜಾಗದಲ್ಲಿ ಶಾಮಿಯಾನದ ಗುಂಡಿಗಳು. ಟೀಮಿನವರು ಗುಂಡಿ ಮುಚ್ಚುವುದರೊಳಗೆ ಕತ್ತಲಾಯಿತು. ಆಮೇಲೆ ಟೀಮು ಒಬ್ಬೊಬ್ಬರಾಗಿ ಚದುರಿತು. ಒಬ್ಬ ವಳಸಂಗದವನಿದ್ದ, ದಿನಾ ಊರಿಂದ ಓಡಾಡಿ ಆಡುತ್ತಿದ್ದವನು, ಅವನು ಪಾಳಿ ಮುಗಿಯುತ್ತಲೇ ನೆಟ್ಟಗೆ ಬಸ್ಸು ಹಿಡಿಯತೊಡಗಿದ.

ಅಣ್ಣ ಇನ್ನೂ ಒಂದು ವರ್ಷ ಮಿಲ್ಲಿನಲ್ಲಿದ್ದ. ಕ್ಯಾಪ್ಟನ್ ಬಿಟ್ಟುಹೋದ ಜೋಡಿ ಮಗ್ಗಕ್ಕೆ ಬೇರೆಯವನು ಬಂದಿದ್ದ, ಅಣ್ಣ ಅವನ ಜೊತೆ ಡಬ್ಬಿ ಹಂಚಿಕೊಳ್ಳಲಿಲ್ಲ. ಮನೆಯಲ್ಲಿ ನನ್ನ ಜೊತೆ ಜಗಳವಿಲ್ಲ, ಸಿಟ್ಟಿಲ್ಲ. ಉಪ್ಪು ಕೊಡು, ನೀರು ಕೊಡು ಎಲ್ಲ ಸರಿಯಾಗಿಯೇ ಇತ್ತು. ಆದರೆ ಅಕ್ಕಲಕೋಟೆಗೆ ಕಾಗದ ಬರೆಸುವುದನ್ನು ನಿಲ್ಲಿಸಿದ. ಹೇಳುವುದಿದ್ದರೆ ತಾನೇ ಬಸ್ಸು ಹತ್ತಿ ಹೋಗಿ ಹೇಳಿಬರುತ್ತಿದ್ದ. ಮಿಲ್ಲಿನಿಂದ ಚೀಟಿ ಬಂದರೆ ಪಕ್ಕದ ಮನೆಯವನ ಹತ್ತಿರ ಓದಿಸುತ್ತಿದ್ದ. ಅವ್ವನಿಗೆ ಇದು ಅರ್ಥವಾಗುತ್ತಿರಲಿಲ್ಲ. "ಮನ್ಯಾಗ ಇಷ್ಟು ಓದಿದಾಕಿನ್ನ ಇಟಕೊಂಡು ಮಂದೀ ಮನಿಗಿ ಯಾಕ ಹೋಗತೀ?" ಎಂದು ಕೇಳುತ್ತಿದ್ದಳು. ಅವನು ಚೀಟಿ ಕಿಸೆಗೆ ಹಾಕಿಕೊಂಡು ಹೊರಗೆ ಹೋಗುತ್ತಿದ್ದ. ಒಂದು ದಿನ ಮಿಲ್ಲಿನ ಕೆಲಸ ಬಿಟ್ಟೆ, ಅಕ್ಕಲಕೋಟೆಗೆ ಹೋಗುತ್ತೇನೆ, ಮಾವನ ಸೈಕಲ್ ದುರಸ್ತಿ ಅಂಗಡಿಯಲ್ಲಿ ಇರುತ್ತೇನೆ ಎಂದ. ಹೋದ.

ಅಷ್ಟರಲ್ಲಿ ನಾನು ಓದು ಮುಗಿಸಿ ಮಾಸ್ತರಿಕೆಯ ಕೆಲಸ ಹಿಡಿದೆ. ಮರಾಠಿ ಸಾಲೆ, ಒಂದನೆಯ ಇಯತ್ತೆ. ದಿನಾ ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸುವುದು. ಮಕ್ಕಳಿಗೆ ನಾನು ನೆತ್ತಿಯ ಗೆರೆಯನ್ನು ಪದಪದಕ್ಕೇ ಎಳೆಯಲು ಕಲಿಸಿದೆ. ನನ್ನ ಹಾಗೆ ಎಳೆಯಲು ನೋಡಿದವರ ಬೆರಳಿಗೆ ಅಡಿಪಟ್ಟಿಯಲ್ಲಿ ಹೊಡೆದಿದ್ದೂ ಉಂಟು. ಮಕ್ಕಳಿಗೆ ಅದರ ಕಾರಣ ಎಲ್ಲಿ ಗೊತ್ತಾಗಬೇಕು.

ಆ ದಶಕ ಮುಗಿಯುತ್ತ ಬಂದಿತ್ತು. ರಜೆಯಲ್ಲಿ ಅವ್ವನನ್ನು ಕರೆದುಕೊಂಡು ಅಕ್ಕಲಕೋಟೆಗೆ ಹೋಗಿದ್ದೆ. ಅಣ್ಣ ಸೈಕಲ್ ಅಂಗಡಿಯಲ್ಲಿ ಕೈತುಂಬ ಗ್ರೀಸು ಮೆತ್ತಿಕೊಂಡು ಕೂತಿದ್ದ. ಮೊಣಕೈಗೆ ಹೊಸ ಗಾಯ ಇತ್ತು. ನೋಡಿ ನನಗೆ ಸಂತೋಷವೇ ಆಯಿತು. "ಮತ್ತ ಆಡಾಕತ್ತೀ?" ಎಂದೆ. ಊರ ಹೊರಗೆ ಪಾಳುಬಿದ್ದ ಜಾಗ ಒಂದಿದೆ, ಹಮಾಲರು, ಹೊಲಿಗೆಯವರು, ಬಸ್ಸಿನ ಕ್ಲೀನರುಗಳು ಸೇರಿ ಟೀಮು ಕಟ್ಟಿದ್ದಾರೆ, ಜಾಗವನ್ನು ಆಟಕ್ಕೆಂದೇ ಬಿಡಿಸಿಕೊಳ್ಳಲು ಅರ್ಜಿ ಕೊಡಬೇಕು ಎಂದ. ಕೈ ಒರೆಸಿಕೊಂಡು, ಟ್ಯೂಬಿನ ಡಬ್ಬಿಯೊಳಗಿನಿಂದ ಒಂದು ಹಾಳೆ ತೆಗೆದ.

ಹಾಳೆಯ ಕೆಳಗಿನ ಅರ್ಧ ಖಾಲಿ ಇತ್ತು. ಮೇಲಿನ ಅರ್ಧದಲ್ಲಿ ಮರಾಠಿಯಲ್ಲಿ ಬರೆದಿತ್ತು. ಒಂದನೆಯ ಇಯತ್ತೆಯ ಮಕ್ಕಳ ಅಕ್ಷರವನ್ನು ದಿನಾ ನೋಡುವವಳು ನಾನು, ಇದು ಅದಕ್ಕಿಂತ ಸೊಟ್ಟಗಿತ್ತು. ಒಂದೊಂದು ಅಕ್ಷರವೂ ಬೇರೆ ಬೇರೆ ಎತ್ತರ, ಸಾಲು ಕೆಳಗೆ ಜಾರುತ್ತಿತ್ತು, ಅಲ್ಲಲ್ಲಿ ಗ್ರೀಸಿನ ಬೆರಳು. ಯಾರು ಬರೆದದ್ದು ಎಂದೆ.

"ನಾನs. ಎರಡ ವರ್ಷಾತು, ಕಲಿಯಾಕತ್ತೀನಿ. ಮೊದಲ ಎಲ್ಲಾರಿಗೂ ಓದಿ ಹೇಳತೀನಿ. ಆಮ್ಯಾಲ ಸಹಿ."

ಮೂವತ್ತರ ಹತ್ತಿರದ ಗಂಡಸು ಸೈಕಲ್ ಅಂಗಡಿಯ ಹಿಂದೆ ಕೂತು ಒಬ್ಬನೇ ಅಕ್ಷರ ತಿದ್ದಿದ್ದಾನೆ, ಅವನ ತಂಗಿ ಊರ ಮಕ್ಕಳಿಗೆಲ್ಲ ಅದೇ ಅಕ್ಷರ ಕಲಿಸಿ ಪಗಾರ ಎಣಿಸುತ್ತಿದ್ದಾಳೆ. ನನಗೆ ಅಳು ಬಂತು. ಆ ಹೊತ್ತಿಗೆ ಎಲ್ಲ ಹೇಳಿಬಿಡಬೇಕು ಎನಿಸಿತು. ಆದರೆ ಬಾಯಿಗೆ ಬಂದದ್ದು ಇಷ್ಟೇ.

"ಕೊಡು ಅಣ್ಣಾ. ನಾ ಛಂದ ಅಕ್ಷರದಾಗ ಬರದು ಕೊಡತೀನಿ."

ಅವನು ಹಾಳೆ ಕೊಡಲಿಲ್ಲ. ನನ್ನ ಮೇಲೆ ಸಿಟ್ಟು ಮಾಡಿಕೊಂಡ ಹಾಗೂ ಕಾಣಲಿಲ್ಲ. ಹಾಳೆಯನ್ನು ಮಡಿಸಿ ಮತ್ತೆ ಡಬ್ಬಿಯೊಳಗೆ ಇಟ್ಟ, ಮುಚ್ಚಳ ಒತ್ತಿದ. ಸಣ್ಣವಳಿದ್ದಾಗ ನನಗೆ ರೊಟ್ಟಿ ಮುರಿದು ಕೊಡುವಾಗಿನ ಮೆಲುದನಿಯಲ್ಲಿ ಹೇಳಿದ.

"ಬ್ಯಾಡ ತಂಗಿ. ಭಾಳ ಕಠಿಣ ಮರಾಠಿ ಐತಿ. ನಿನಗ ತಿಳಿಯಂಗಿಲ್ಲ."